ತಿರುಪುಮೊಳೆ ನೋಡಲು ಹೊರಟ ಕ್ಯಾಮೆರಾ

ಚಿತ್ರದಲ್ಲಿ ಕಥೆಯಿಲ್ಲ, ನಾಯಕನಿಲ್ಲ. ಎಷ್ಟೋ ಬಾರಿ ಮಾತೂ ಇಲ್ಲ. ಅಂಗಡಿಯ ಬಾಗಿಲಿನಿಂದ ಒಳಹೊಕ್ಕ ಕ್ಯಾಮೆರಾ ಸಾಲು ಕಪಾಟುಗಳ ನಡುವೆ ನಿಧಾನವಾಗಿ ಸಾಗುತ್ತದೆ. ಮೊದಲು ಹಿತ್ತಾಳೆಯ ತಿರುಪುಮೊಳೆಗಳು, ಅಳತೆಯ ಕ್ರಮದಲ್ಲಿ. ಆಮೇಲೆ ಬಾಗಿಲ ಕೀಲುಗಳು, ಹಿಡಿಕೆಗಳು, ಚರ್ಮದ ತುಂಡುಗಳು, ಬಗೆಬಗೆಯ ಮರದ ಹಲಗೆಗಳು. ಮೆಟ್ಟಿಲು ಹತ್ತಿದರೆ ಬಣ್ಣ, ಕುಂಚ, ಕಾಗದ. ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ ಹೀಗೆಯೇ ನಡೆದು ಚಿತ್ರ ಮುಗಿಯುತ್ತದೆ.

ಜಪಾನಿನಲ್ಲಿ ಹವ್ಯಾಸಿಗಳಿಗೆ ಸರಂಜಾಮು ಮಾರುವ ಅಂಗಡಿಗಳ ಇಂಥ ಚಿತ್ರ-ಪ್ರವಾಸಗಳನ್ನು ಯೂಟ್ಯೂಬ್‌ನಲ್ಲಿ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ತೆಗೆಯುವವರಲ್ಲಿ ಟೋಕಿಯೊ ನೋಡಲು ಬಂದ ವಿದೇಶಿಯರಿದ್ದಾರೆ, ಅಲ್ಲೇ ನೆಲೆಸಿದ ಕುಶಲಕರ್ಮಿಗಳೂ ಇದ್ದಾರೆ. ದೇವಾಲಯ, ಚೆರಿ ಹೂವು, ಬುಲೆಟ್ ರೈಲುಗಳನ್ನು ಪಕ್ಕಕ್ಕಿಟ್ಟು ಮೊಳೆ, ಗುಂಡಿ, ರೆಸಿಸ್ಟರುಗಳ ಹಿಂದೆ ಬೀಳುವುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ನೋಡುವವರಲ್ಲಿ ಬಹುಪಾಲು ಜನ ಆ ಅಂಗಡಿಗೆ ಎಂದೂ ಕಾಲಿಡುವವರಲ್ಲ.

ಆದರೆ ಈ ಆಸಕ್ತಿಗೆ ಕಾರಣವಿದೆ. ತಯಾರಾದ ಕುರ್ಚಿಯನ್ನೋ ರೇಡಿಯೊವನ್ನೋ ನೋಡಿದರೆ ಅದು ಹೇಗಾಯಿತು ಎಂಬುದು ತಿಳಿಯುವುದಿಲ್ಲ. ಬಿಡಿಭಾಗಗಳ ಅಂಗಡಿಯಲ್ಲಿ ಆ ಗುಟ್ಟೆಲ್ಲ ಕಪಾಟಿನ ಮೇಲೆ ಬಿಚ್ಚಿ ಇಟ್ಟಿರುತ್ತದೆ. ಯಾವ ವಸ್ತುವಿನ ಪಕ್ಕದಲ್ಲಿ ಯಾವುದನ್ನು ಇಟ್ಟಿದ್ದಾರೆ ಎಂಬುದೇ ಒಂದು ಪಾಠ. ಈ ಅಂಗಡಿಗಳ ಸಾಲಿನಲ್ಲಿ ಒಂದೊಂದೇ ಬಾಗಿಲು ಮುಚ್ಚುತ್ತಿರುವುದರಿಂದ, ಕ್ಯಾಮೆರಾ ಹಿಡಿದವರು ತಮಗೆ ಅರಿವಿಲ್ಲದೆಯೇ ದಾಖಲೆಕಾರರೂ ಆಗಿಬಿಟ್ಟಿದ್ದಾರೆ.

ಭಾನುವಾರದ ಬಡಗಿ

ಜಪಾನೀ ಭಾಷೆಯಲ್ಲಿ 'ನಿಚಿಯೋ ದೈಕು' ಎಂಬ ಮಾತಿದೆ. ಅಕ್ಷರಶಃ ಭಾನುವಾರದ ಬಡಗಿ ಎಂದರ್ಥ. ವಾರವೆಲ್ಲ ಕಚೇರಿಯಲ್ಲಿ ದುಡಿದು ರಜೆಯ ದಿನ ಉಳಿ, ಸುತ್ತಿಗೆ ಹಿಡಿದು ಮನೆಯ ಕಪಾಟು ಮಾಡುವ ಗೃಹಸ್ಥನಿಗೆ ಈ ಹೆಸರು. ಯುದ್ಧಾನಂತರದ ದಶಕಗಳಲ್ಲಿ ಸಂಬಳ ಏರಿ, ನಗರದ ಅಂಚಿನಲ್ಲಿ ಸ್ವಂತ ಮನೆ ಕಟ್ಟಿಕೊಂಡ ಮಧ್ಯಮ ವರ್ಗದಲ್ಲಿ ಇಂಥವರ ಸಂಖ್ಯೆ ಹೆಚ್ಚಿತು. ಮನೆಗೆಲಸದ ಸಾಮಾನುಗಳನ್ನೆಲ್ಲ ಒಂದೇ ಸೂರಿನಡಿ ಮಾರುವ, ಜಪಾನೀಯರು 'ಹೋಮ್ ಸೆಂಟರ್' ಎಂದು ಕರೆಯುವ ಬಗೆಯ ಮೊದಲ ಮಳಿಗೆ ಸೈತಾಮ ಪ್ರಾಂತದಲ್ಲಿ 1972ರಲ್ಲಿ ತೆರೆಯಿತು.

ನಾಲ್ಕು ವರ್ಷಗಳ ನಂತರ, 1976ರಲ್ಲಿ, ರೈಲು ಮತ್ತು ಜಮೀನು ವ್ಯವಹಾರದ ತೊಕ್ಯು ಸಮೂಹ 'ತೊಕ್ಯು ಹ್ಯಾಂಡ್ಸ್' ಎಂಬ ಕಂಪೆನಿಯನ್ನು ಹುಟ್ಟುಹಾಕಿತು. ಮೊದಲ ಅಂಗಡಿ ಫುಜಿಸಾವದಲ್ಲಿ. ಹೆಸರೇ ಹೇಳುವಂತೆ ಇದು ಕೈಗಳ ಅಂಗಡಿ. ಅದರ ಹಳೆಯ ಲಾಂಛನದಲ್ಲಿದ್ದುದೂ ಎರಡು ಕೈಗಳೇ. ಯಂತ್ರಗಳ ಕಾಲದಲ್ಲಿ ಕೈಗೆ ಮತ್ತೆ ಅದರ ಸ್ಥಾನ ಕೊಡಿಸಬೇಕೆಂಬುದು ಕಂಪೆನಿ ಆಗ ಆಡಿದ ಮಾತು. ದೊಡ್ಡ ವಾಣಿಜ್ಯ ಸಂಸ್ಥೆಯ ಬಾಯಲ್ಲಿ ಇದು ಜಾಹೀರಾತಿನಂತೆ ಕೇಳಿಸಿದರೆ ತಪ್ಪಿಲ್ಲ. ಆದರೂ ಅಂಗಡಿಯ ವ್ಯವಸ್ಥೆಯಲ್ಲಿ ಆ ಮಾತಿಗೆ ತಕ್ಕ ನಡವಳಿಕೆ ಇತ್ತೆಂಬುದನ್ನು ಒಪ್ಪಬೇಕು. ಮೊಳೆಯನ್ನು ಬಿಡಿಯಾಗಿಯೂ ಕೊಳ್ಳಬಹುದಿತ್ತು. ಹಲಗೆಯನ್ನು ಹೇಳಿದ ಅಳತೆಗೆ ಅಲ್ಲೇ ಕೊಯ್ದು ಕೊಡುತ್ತಿದ್ದರು. ಗಿರಾಕಿ 'ಇಂಥದ್ದು ಮಾಡಬೇಕೆಂದಿದ್ದೇನೆ' ಎಂದರೆ, ಅದಕ್ಕೆ ಯಾವ ಅಂಟು, ಯಾವ ಗರಗಸ ಎಂದು ಹೇಳಬಲ್ಲ ಕಸುಬು ಬಲ್ಲವರು ಮಾರಾಟಕ್ಕೆ ನಿಂತಿರುತ್ತಿದ್ದರು.

1978ರಲ್ಲಿ ಶಿಬುಯಾದಲ್ಲಿ ತೆರೆದ ಅಂಗಡಿ ಕ್ಯಾಮೆರಾದವರಿಗೆ ಅಚ್ಚುಮೆಚ್ಚು. ಇಳಿಜಾರು ಜಾಗದಲ್ಲಿ ಕಟ್ಟಿದ ಈ ಕಟ್ಟಡದಲ್ಲಿ ಮಹಡಿಗಳು ಒಂದೇ ಮಟ್ಟದಲ್ಲಿಲ್ಲ. ಪ್ರತಿ ಮಹಡಿಯೂ ಎ, ಬಿ, ಸಿ ಎಂದು ಮೂರು ಹಂತಗಳಾಗಿ ಒಡೆದಿದೆ. ಕೆಲವೇ ಮೆಟ್ಟಿಲು ಹತ್ತಿದರೆ ಇನ್ನೊಂದು ವಿಭಾಗ, ಮತ್ತೆ ಕೆಲವು ಹತ್ತಿದರೆ ಮತ್ತೊಂದು. ಬೀಗ ಕೊಳ್ಳಲು ಹೋದವನು ದಾರಿ ತಪ್ಪಿ ಗಾಜಿನ ಮಣಿಗಳ ಮುಂದೆ ನಿಲ್ಲುವುದು ಇಲ್ಲಿ ಸಹಜ. ಅಂಗಡಿಯವರಿಗೆ ಬೇಕಾಗಿದ್ದುದೂ ಅದೇ ಇರಬೇಕು.

ಮೇಲ್ಸೇತುವೆಯಡಿಯ ರೇಡಿಯೊ ಸಂತೆ

ಹ್ಯಾಂಡ್ಸ್ ಹುಟ್ಟಿದ್ದು ದೊಡ್ಡ ಬಂಡವಾಳದಿಂದ. ಅದಕ್ಕಿಂತ ಕಾಲು ಶತಮಾನ ಹಿರಿದಾದ ಅಕಿಹಬರ ಹುಟ್ಟಿದ್ದು ಬೀದಿ ಬದಿಯಲ್ಲಿ. 1945ರಲ್ಲಿ ಸೋತು ಸುಟ್ಟುಹೋಗಿದ್ದ ಟೋಕಿಯೊದ ಕಂದಾ ಪ್ರದೇಶದಲ್ಲಿ ರಸ್ತೆ ಬದಿಯ ವ್ಯಾಪಾರಿಗಳು ವಾಲ್ವುಗಳನ್ನೂ ರೇಡಿಯೊ ಬಿಡಿಭಾಗಗಳನ್ನೂ ಹರಡಿ ಕುಳಿತರು. ಹತ್ತಿರದಲ್ಲೇ ಒಂದು ವಿದ್ಯುತ್ ಶಾಲೆಯಿತ್ತು; ಇಂದಿನ ಟೋಕಿಯೊ ಡೆಂಕಿ ವಿಶ್ವವಿದ್ಯಾಲಯದ ಮೂಲ ಅದು. ಅಲ್ಲಿನ ವಿದ್ಯಾರ್ಥಿಗಳು ಬಿಡಿಭಾಗ ಕೊಂಡು ರೇಡಿಯೊ ಜೋಡಿಸಿ ಮಾರಿ ಕೈಖರ್ಚಿಗೆ ದುಡ್ಡು ಮಾಡಿಕೊಳ್ಳುತ್ತಿದ್ದರು. ಸುದ್ದಿಗೂ ಹಾಡಿಗೂ ಹಸಿದಿದ್ದ ನಗರದಲ್ಲಿ ಗಿರಾಕಿಗಳಿಗೆ ಕೊರತೆಯಿರಲಿಲ್ಲ. ಕಾರ್ಖಾನೆಯ ರೇಡಿಯೊ ಮೇಲೆ ಸರಕು ತೆರಿಗೆ ಬೀಳುತ್ತಿದ್ದ ಕಾಲ. ಮನೆಯಲ್ಲಿ ಜೋಡಿಸಿದ್ದು ಅಗ್ಗವಾಗುತ್ತಿತ್ತು.

1949ರಲ್ಲಿ ಅಮೆರಿಕದ ಆಡಳಿತ ಬೀದಿ ಅಂಗಡಿಗಳನ್ನು ತೆರವುಗೊಳಿಸಲು ಆದೇಶಿಸಿತು. ವ್ಯಾಪಾರಿಗಳು ಒಗ್ಗಟ್ಟಾಗಿ ಬೇರೆ ಜಾಗ ಕೇಳಿದರು. ಅವರಿಗೆ ಸಿಕ್ಕಿದ್ದು ಅಕಿಹಬರ ನಿಲ್ದಾಣದ ಬಳಿ ರೈಲು ಮೇಲ್ಸೇತುವೆಯ ಕೆಳಗಿನ ಸ್ಥಳ. ಅಲ್ಲಿ ಹುಟ್ಟಿಕೊಂಡ ರೇಡಿಯೊ ಸೆಂಟರ್ ಎಂಬ ಸಣ್ಣ ಮಾರುಕಟ್ಟೆಯನ್ನು ತೋರಿಸದೆ ಅಕಿಹಬರದ ಯಾವ ಬಿಡಿಭಾಗ-ಪ್ರವಾಸವೂ ಪೂರ್ತಿಯಾಗುವುದಿಲ್ಲ. ಇಬ್ಬರು ಎದುರಾದರೆ ಭುಜ ಓರೆ ಮಾಡಬೇಕಾದ ಓಣಿ, ಎರಡೂ ಕಡೆ ಗೂಡಿನಂಥ ಅಂಗಡಿಗಳು. ಒಂದರಲ್ಲಿ ಬರೀ ಸ್ವಿಚ್ಚುಗಳು, ಮತ್ತೊಂದರಲ್ಲಿ ಬರೀ ತಂತಿ, ಇನ್ನೊಂದರಲ್ಲಿ ಟ್ರಾನ್ಸ್‌ಫಾರ್ಮರ್. ಮುಂದೆ ಓರೆಯಾಗಿ ಜೋಡಿಸಿದ ಸಣ್ಣ ಸಣ್ಣ ಖಾನೆಗಳು, ಅವುಗಳ ಹಿಂದೆ ಕುಳಿತ ಒಬ್ಬ ವ್ಯಾಪಾರಿ. ತಲೆಯ ಮೇಲೆ ಸೋಬು ಮಾರ್ಗದ ರೈಲು ಹಾದುಹೋಗುತ್ತದೆ.

ಈ ಸಂತೆಯ ಗಿರಾಕಿಗಳನ್ನು ತಯಾರು ಮಾಡಿದ್ದು ಮಾಸಪತ್ರಿಕೆಗಳು. 1948ರಲ್ಲಿ ಆರಂಭವಾದ 'ಶೊಹೊ ನೊ ರಾಜಿಯೊ' (ರೇಡಿಯೊ ಮೊದಲ ಪಾಠ ಎನ್ನಬಹುದು) ಮತ್ತು 1954ರ 'ರಾಜಿಯೊ ನೊ ಸೆಇಸಾಕು' (ರೇಡಿಯೊ ತಯಾರಿಕೆ) ಪತ್ರಿಕೆಗಳಲ್ಲಿ ನಕ್ಷೆ ನೋಡಿ, ಬಿಡಿಭಾಗಗಳ ಚೀಟಿ ಬರೆದುಕೊಂಡು ಶಾಲಾ ಹುಡುಗರು ರೈಲು ಹತ್ತಿ ಅಕಿಹಬರಕ್ಕೆ ಬರುತ್ತಿದ್ದರು. ಮೊದಲನೆಯದು 1992ರಲ್ಲಿ, ಎರಡನೆಯದು 1999ರಲ್ಲಿ ನಿಂತುಹೋಯಿತು. ಅಷ್ಟರಲ್ಲಿ ಅಕಿಹಬರವೂ ಬದಲಾಗಿತ್ತು. ರೇಡಿಯೊ ಹೋಗಿ ಟಿ.ವಿ., ಫ್ರಿಜ್ಜು, ಅವು ಹೋಗಿ ಕಂಪ್ಯೂಟರ್, ಅದರ ಬೆನ್ನಿಗೇ ಕಾಮಿಕ್ಸ್, ಆಟಿಕೆ, ಅನಿಮೇಷನ್‌ನ ಭರಾಟೆ. ಬಿಡಿಭಾಗದವರು ನಡುವೆ ಎಲ್ಲೋ ಉಳಿದುಕೊಂಡರು. ಅಕಿಜುಕಿ ಡೆನ್‌ಶಿ ಎಂಬ ಅಂಗಡಿ ನೂರು ರೆಸಿಸ್ಟರುಗಳ ಪೊಟ್ಟಣವನ್ನು ನೂರು ಯೆನ್‌ಗೆ ವರ್ಷಗಟ್ಟಲೆ ಮಾರಿದ್ದನ್ನು ಹವ್ಯಾಸಿಗಳು ಈಗಲೂ ನೆನೆಯುತ್ತಾರೆ. 2008ರಲ್ಲಿ ಟೋಕಿಯೊದಲ್ಲಿ ಸಣ್ಣದಾಗಿ ಸೇರತೊಡಗಿದ ತಯಾರಕರ ಕೂಟ 2012ರಿಂದ 'ಮೇಕರ್ ಫೇರ್ ಟೋಕಿಯೊ' ಎಂಬ ಹೆಸರಿನಲ್ಲಿ ನಡೆಯಿತು. ಬೆಸುಗೆ ಕಡ್ಡಿ ಹಿಡಿದ ಹೊಸ ತಲೆಮಾರೊಂದು ಇದೆ ಎಂಬುದು ಅಲ್ಲಿ ಕಂಡಿತು.

ಅರಿವೆಯ ಬೀದಿ, ಕಲ್ಲಿನ ಬಣ್ಣ

ಎಲೆಕ್ಟ್ರಾನಿಕ್ಸ್ ಗಂಡುಹುಡುಗರ ಲೋಕವಾಗಿದ್ದರೆ, ಹೊಲಿಗೆಯ ಸರಂಜಾಮು ಹೆಂಗಸರ ಪಾಲಿಗೆ ಬಂದಿತ್ತು. ಈ ಗೆರೆ ಈಗ ಮಸುಕಾಗಿದೆ. ನಾಟಕ, ಸಿನಿಮಾ, ಕಾಮಿಕ್ಸ್ ಪಾತ್ರಗಳಂತೆ ವೇಷ ತೊಡುವ ಯುವಕ ಯುವತಿಯರು ಬಟ್ಟೆ ಅಂಗಡಿಗಳ ಕಾಯಂ ಗಿರಾಕಿಗಳು. ಶಿಂಜುಕುವಿನ ಒಕದಾಯಾ 1927ರಷ್ಟು ಹಳೆಯದು. ಗುಂಡಿ, ಲೇಸು, ರಿಬ್ಬನ್ನುಗಳಿಗೆ ಹೆಸರಾದ ಈ ಅಂಗಡಿ ಬಣ್ಣದ ವಿಗ್ಗುಗಳನ್ನೂ ಮಾರುವುದು ಇವರಿಗಾಗಿಯೇ. 1955ರಲ್ಲಿ ಕಮಾತದಲ್ಲಿ ಹುಟ್ಟಿದ ಯುಜವಾಯಾ ಉಣ್ಣೆ ನೂಲಿನಿಂದ ಆರಂಭಿಸಿ ಕೈಕೆಲಸದ ಎಲ್ಲ ಸಾಮಗ್ರಿಗಳ ದೊಡ್ಡ ಮಳಿಗೆಯಾಯಿತು. ನಿಪ್ಪೊರಿಯಲ್ಲಂತೂ ಇಡೀ ಬೀದಿಯೇ ಬಟ್ಟೆಗೆ ಮೀಸಲು. ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೂ ಅರಿವೆ, ಚರ್ಮ, ಗುಂಡಿ ಅಂಗಡಿಗಳು ಸಾಲಾಗಿವೆ. ಶತಮಾನದ ಹಿಂದೆ ಅಸಕುಸಾ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದ, ಹಳೆಯ ಬಟ್ಟೆ ಮತ್ತು ಕತ್ತರಿಸಿ ಉಳಿದ ಚಿಂದಿಯ ವ್ಯಾಪಾರಿಗಳಿಂದ ಬೆಳೆದ ಬೀದಿ ಇದು. ಇಲ್ಲಿನ 'ತೊಮಾತೊ' ಎಂಬ ಅಂಗಡಿ ಮೀಟರಿಗೆ ನೂರು ಯೆನ್ ಬಟ್ಟೆಯಿಂದ ಹೆಸರು ಮಾಡಿತು.

2020ರ ವಸಂತದಲ್ಲಿ ಕೊರೊನಾ ಬಂದು ಮಾಸ್ಕ್‌ಗಳ ಅಭಾವವಾದಾಗ ಇಂಥ ಅಂಗಡಿಗಳಲ್ಲಿ ಹತ್ತಿ ಬಟ್ಟೆ ಮತ್ತು ಇಲ್ಯಾಸ್ಟಿಕ್ ಖಾಲಿಯಾದವು. ಮನೆಮನೆಯಲ್ಲೂ ಹೊಲಿಗೆ ಯಂತ್ರ ಹೊರಬಂತು. ಹವ್ಯಾಸದ ಸಾಮಾನು ಒಮ್ಮೆಲೇ ಅಗತ್ಯದ ಸಾಮಾನಾಯಿತು.

ಚಿತ್ರ-ಪ್ರವಾಸಗಳಲ್ಲಿ ಅತಿ ಸುಂದರವಾಗಿ ಕಾಣುವ ಅಂಗಡಿ ಬಹುಶಃ ತೆನ್ನೊಜು ಎಂಬಲ್ಲಿ 2015ರಲ್ಲಿ ತೆರೆದ 'ಪಿಗ್‌ಮೆಂಟ್ ಟೋಕಿಯೊ'. ಉಗ್ರಾಣ ವ್ಯವಹಾರದ ಕಂಪೆನಿಯೊಂದು ನಡೆಸುವ ಈ ಅಂಗಡಿಯ ಒಳಾಂಗಣವನ್ನು ವಾಸ್ತುಶಿಲ್ಪಿ ಕೆಂಗೊ ಕುಮಾ ಬಿದಿರ ಚಾಪೆಯ ನೆನಪು ತರುವಂತೆ ರೂಪಿಸಿದ್ದಾರೆ. ಗೋಡೆಯುದ್ದಕ್ಕೂ ಗ್ರಂಥಿಗೆ ಅಂಗಡಿಯ ಭರಣಿಗಳಂತೆ ಗಾಜಿನ ಸೀಸೆಗಳು. ಒಳಗೆ ಸುಮಾರು 4,500 ಬಗೆಯ ಬಣ್ಣದ ಪುಡಿ.

ಇಷ್ಟೊಂದು ಸೀಸೆಗಳೇಕೆ? ಜಪಾನಿನ ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ಬಳಸುವ ಬಣ್ಣಗಳಲ್ಲಿ ಮುಖ್ಯವಾದವು ಕಲ್ಲನ್ನು ಕುಟ್ಟಿ ಮಾಡಿದವು. ನೀಲಿಗೆ ಅಜುರೈಟ್, ಹಸಿರಿಗೆ ಮ್ಯಾಲಕೈಟ್; ಎರಡೂ ತಾಮ್ರದ ಖನಿಜಗಳು. ಕುಟ್ಟಿದ ಪುಡಿಯನ್ನು ಕಣದ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ಅಂಕಿ ಕೊಡುತ್ತಾರೆ. 5ನೇ ನಂಬರು ತರಿತರಿ, 13 ನುಣುಪು, ಅದಕ್ಕೂ ನುಣುಪಾದದ್ದು 'ಬ್ಯಾಕು', ಅಂದರೆ ಬಿಳಿ. ಕಣ ದೊಡ್ಡದಾದಷ್ಟೂ ಬಣ್ಣ ಗಾಢ, ಸಣ್ಣದಾದಷ್ಟೂ ತಿಳಿ. ಒಂದೇ ಕಲ್ಲಿನಿಂದ ಕಡುನೀಲಿಯಿಂದ ಹಿಡಿದು ಮುಗಿಲಿನ ಬಿಳಿಚು ನೀಲಿಯವರೆಗೆ ಎಲ್ಲ ಛಾಯೆಗಳೂ ಬರುತ್ತವೆ. ತೂಕ, ಗಾತ್ರ ಬೇರೆಯಾದ ಕಣಗಳು ನೀರಿನಲ್ಲಿ ಒಂದೇ ವೇಗದಲ್ಲಿ ತಳ ಸೇರುವುದಿಲ್ಲವಾದ್ದರಿಂದ ತೈಲವರ್ಣದಂತೆ ಇವನ್ನು ತಟ್ಟೆಯಲ್ಲಿ ಸಲೀಸಾಗಿ ಕಲಸಲಾಗದು. ಬೇಕಾದ ಛಾಯೆಯ ಸೀಸೆಯನ್ನೇ ಕೊಳ್ಳಬೇಕು, ಪದರದ ಮೇಲೆ ಪದರ ಹಚ್ಚಬೇಕು. ಇಷ್ಟನ್ನು ತಿಳಿದು ಚಿತ್ರ ನೋಡಿದರೆ ಆ ಗೋಡೆ ಬರೀ ಅಲಂಕಾರವಾಗಿ ಕಾಣುವುದಿಲ್ಲ. ಕ್ಯಾಮೆರಾದವರಲ್ಲಿ ಇದನ್ನು ವಿವರಿಸುವವರು ಕಡಿಮೆ ಎಂಬುದೊಂದು ಕೊರತೆ.

ಈ ಪುಡಿ ತಾನಾಗಿ ಅಂಟುವುದಿಲ್ಲ. ಅದಕ್ಕೆ ಬಡಗಿಗಳ ಮರವಜ್ರದ ಜಾತಿಯ, ಪ್ರಾಣಿಗಳ ಚರ್ಮದಿಂದ ತೆಗೆದ 'ನಿಕಾವ' ಎಂಬ ಅಂಟು ಬೇಕು. ಚಿತ್ರಕಾರರು ಹೆಚ್ಚಾಗಿ ನೆಚ್ಚಿಕೊಂಡಿದ್ದುದು 'ಸಂಜೆನ್‌ಬೊನ್', ಅಂದರೆ ಮೂರು ಸಾವಿರ ಕಡ್ಡಿ ಎಂಬ ಹೆಸರಿನ ಉದ್ದನೆಯ ಅಂಟುಕಡ್ಡಿ. 2010ರಲ್ಲಿ ಅದರ ಸಾಂಪ್ರದಾಯಿಕ ತಯಾರಿಕೆ ನಿಂತಿತು. ಸುದ್ದಿ ತಿಳಿದ ಚಿತ್ರಕಾರರಲ್ಲಿ ಕಳವಳ ಹರಡಿತು. ಬಣ್ಣ ಅದೇ, ಕಾಗದ ಅದೇ. ಆದರೆ ಅಂಟಿನ ಗುಣ ಬದಲಾದರೆ ಕೈಗೆ ಒಗ್ಗಿದ ಹದವೆಲ್ಲ ತಪ್ಪುತ್ತದೆ. ಅನಂತರ ಬೇರೆಯವರು ಅದರ ಜಾಗ ತುಂಬಲು ಮುಂದೆ ಬಂದರು. ಒಂದು ಕಲೆಯ ಅಳಿವು ಉಳಿವು ಗುರುಗಳ ಮೇಲೆ, ಶಿಷ್ಯರ ಮೇಲೆ ನಿಂತಿದೆ ಎಂದು ನಾವು ತಿಳಿಯುತ್ತೇವೆ. ಅದು ಅಂಟು ಬೇಯಿಸುವವನ ಮೇಲೂ, ಅದನ್ನು ತಂದಿಟ್ಟು ಮಾರುವ ಅಂಗಡಿಯ ಮೇಲೂ ನಿಂತಿರುತ್ತದೆ.

'ಚಿತ್ರ ತೆಗೆಯಬಾರದು'

ಇಷ್ಟಾಗಿಯೂ ಈ ಅಂಗಡಿಗಳಲ್ಲಿ ಕ್ಯಾಮೆರಾ ತೆರೆಯುವುದು ಸುಲಭವಲ್ಲ. ಜಪಾನಿನ ಅಸಂಖ್ಯಾತ ಮಳಿಗೆಗಳ ಗೋಡೆಯ ಮೇಲೆ 'ಒಳಗೆ ಚಿತ್ರ ತೆಗೆಯುವುದನ್ನು ನಿಷೇಧಿಸಿದೆ' ಎಂಬ ಫಲಕ ಕಾಣುತ್ತದೆ. ಅಂಗಡಿ ಖಾಸಗಿ ಜಾಗ. ಅಲ್ಲಿ ಏನು ಮಾಡಬಹುದು, ಏನು ಕೂಡದು ಎಂದು ವಿಧಿಸುವ ಹಕ್ಕು ಅದನ್ನು ನಡೆಸುವವರದು. ಕೆಲವರು ಮೊದಲೇ ಅನುಮತಿ ಕೇಳಿದರೆ ಒಪ್ಪುತ್ತಾರೆ, ಕೆಲವರು ಇಲ್ಲವೇ ಇಲ್ಲ ಎನ್ನುತ್ತಾರೆ.

ಇದಕ್ಕೆ ಕಾರಣ ಬರೀ ಸಿಡುಕು ಅಲ್ಲ. ಬೆಲೆ, ಜೋಡಣೆ, ಸರಕಿನ ಮೂಲ ಪ್ರತಿಸ್ಪರ್ಧಿಗೆ ತಿಳಿಯಬಾರದೆಂಬ ಹಳೆಯ ಎಚ್ಚರಿಕೆ ಒಂದು. ಮಾದರಿಗಾಗಿ ತೂಗುಹಾಕಿದ ಕೈಕೆಲಸದ ವಿನ್ಯಾಸ ಬೇರೊಬ್ಬರದ್ದಾಗಿರುತ್ತದೆ ಎಂಬುದು ಇನ್ನೊಂದು. ಕ್ಯಾಮೆರಾ ಇರುವ ಮೊಬೈಲ್ ಫೋನು ಜಪಾನಿನಲ್ಲಿ ಜನಪ್ರಿಯವಾದದ್ದು 2000ದ ಕೊನೆಯಲ್ಲಿ ಶಾರ್ಪ್ ಕಂಪೆನಿಯ ಫೋನಿನಿಂದ. ಮೂರೇ ವರ್ಷದಲ್ಲಿ ಪುಸ್ತಕದಂಗಡಿಗಳಿಗೆ ಹೊಸ ತಲೆನೋವು ಬಂತು. ನಿಂತಲ್ಲೇ ಪತ್ರಿಕೆಯ ಪುಟದ ಚಿತ್ರ ತೆಗೆದುಕೊಂಡು ದುಡ್ಡು ಕೊಡದೆ ಹೋಗುವವರು ಹೆಚ್ಚಿದರು. ಇದಕ್ಕೆ 'ಡಿಜಿಟಲ್ ಕಳ್ಳತನ' ಎಂದು ಹೆಸರಿಟ್ಟು ಪತ್ರಿಕಾ ಪ್ರಕಾಶಕರು 2003ರಲ್ಲಿ ಭಿತ್ತಿಪತ್ರ ಅಂಟಿಸಿ ಪ್ರಚಾರ ಮಾಡಬೇಕಾಯಿತು. ಜಪಾನಿನಲ್ಲಿ ಮಾರುವ ಫೋನುಗಳು ಚಿತ್ರ ತೆಗೆದಾಗ 'ಕ್ಲಿಕ್' ಎಂದು ಸದ್ದು ಮಾಡಲೇಬೇಕೆಂಬ ಪದ್ಧತಿಯೂ ಈ ಕಾಲದ್ದೇ. ಕದ್ದು ಚಿತ್ರ ತೆಗೆಯುವುದನ್ನು ತಡೆಯಲೆಂದು ಕಂಪೆನಿಗಳು ತಾವಾಗಿ ಮಾಡಿಕೊಂಡ ನಿಯಮ ಅದು, ಸರ್ಕಾರದ ಕಾನೂನಲ್ಲ.

ಗಿರಾಕಿಗಳ ಮುಖದ ಪ್ರಶ್ನೆಯೂ ಇದೆ. ಒಪ್ಪಿಗೆಯಿಲ್ಲದೆ ತನ್ನ ಮುಖ, ರೂಪಗಳ ಚಿತ್ರ ತೆಗೆಸಿಕೊಳ್ಳದಿರುವ ಸ್ವಾತಂತ್ರ್ಯ ಪ್ರತಿಯೊಬ್ಬನಿಗೂ ಇದೆ ಎಂದು ಜಪಾನಿನ ಸುಪ್ರೀಂ ಕೋರ್ಟ್ 1969ರಲ್ಲಿ ಹೇಳಿತು. ವಿದ್ಯಾರ್ಥಿಗಳ ಮೆರವಣಿಗೆಯನ್ನು ಪೊಲೀಸರು ಚಿತ್ರ ತೆಗೆದ ಪ್ರಕರಣದಲ್ಲಿ ಬಂದ ಮಾತು ಅದು; ಆ ಪ್ರಕರಣದಲ್ಲಿ ಪೊಲೀಸರ ಕ್ರಮವನ್ನು ನ್ಯಾಯಾಲಯ ಎತ್ತಿಹಿಡಿದರೂ ತತ್ವ ನೆಲೆನಿಂತಿತು. ಚಿತ್ರ-ಪ್ರವಾಸಗಳಲ್ಲಿ ದಾರಿಹೋಕರ ಮುಖಗಳು ಮಸುಕಾಗಿ ಕಾಣುವುದು, ಕ್ಯಾಮೆರಾ ಸದಾ ಕಪಾಟಿನತ್ತ, ಕೈಗಳತ್ತ ಬಾಗಿರುವುದು ಇದರಿಂದಲೇ. ಹೀಗಾಗಿ ಅಂಗಡಿಯ ಅರ್ಧ ಬಂಡವಾಳವಾದ ಮನುಷ್ಯರು ಚಿತ್ರದಿಂದ ಹೊರಗುಳಿಯುತ್ತಾರೆ. 'ಈ ವಾಲ್ವಿಗೆ ಬದಲಿ ಏನಿದೆ?' ಎಂದು ಕೇಳಿದರೆ ಖಾನೆ ನೋಡದೆಯೇ ಕೈ ಹಾಕಿ ತೆಗೆದುಕೊಡುವ ವೃದ್ಧನ ತಿಳಿವಳಿಕೆ ಎಷ್ಟು ಸ್ಪಷ್ಟವಾದ ಚಿತ್ರದಲ್ಲೂ ಮೂಡದು.

ಆ ತಿಳಿವಳಿಕೆಗೇ ಈಗ ಕುತ್ತು ಬಂದಿರುವುದು. 1949ರಿಂದ ನಡೆದು ಬಂದಿದ್ದ ಅಕಿಹಬರದ 'ರೇಡಿಯೊ ಸ್ಟೋರ್' ಎಂಬ ಅಂಗಡಿಗಳ ಗುಂಪು 64 ವರ್ಷಗಳ ನಂತರ, 2013ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ತೊಕ್ಯು ಹ್ಯಾಂಡ್ಸ್‌ನ ಕೋಬೆಯ ಸನ್ನೊಮಿಯ ಅಂಗಡಿ 2020ರ ಡಿಸೆಂಬರ್ 31ರಂದು, 1984ರಲ್ಲಿ ತೆರೆದಿದ್ದ ಇಕೆಬುಕುರೊ ಅಂಗಡಿ 2021ರ ಅಕ್ಟೋಬರ್ 31ರಂದು ಮುಚ್ಚಿದವು. ಅದರ ಬೆನ್ನಲ್ಲೇ, 2022ರ ಮಾರ್ಚ್‌ನಲ್ಲಿ, ಇಡೀ ಕಂಪೆನಿ ಹೋಮ್ ಸೆಂಟರ್ ವ್ಯವಹಾರದ ಕೈಂಜು ಸಂಸ್ಥೆಯ ಕೈಸೇರಿತು. ಅಕ್ಟೋಬರ್‌ನಲ್ಲಿ ಹೆಸರಿನಿಂದ 'ತೊಕ್ಯು' ಹೋಗಿ ಬರೀ 'ಹ್ಯಾಂಡ್ಸ್' ಉಳಿಯಿತು. ಎರಡು ಕೈಗಳ ಲಾಂಛನದ ಬದಲು 'ಕೈ' ಎಂಬರ್ಥದ ಲಿಪಿಚಿಹ್ನೆಯನ್ನು ಹೋಲುವ ಹೊಸ ಲಾಂಛನ ಬಂತು. ಮನೆಯಲ್ಲೇ ಕುಳಿತು ತರಿಸಿಕೊಳ್ಳುವ ಅನುಕೂಲ, ನೂರು ಯೆನ್ ಅಂಗಡಿಗಳ ಪೈಪೋಟಿ, ನಗರದ ನಡುಮಧ್ಯದ ಬಾಡಿಗೆ, ಮೇಲೆ ಕೊರೊನಾ ಕಾಲದಲ್ಲಿ ಖಾಲಿಯಾದ ಬೀದಿ, ಎಲ್ಲವೂ ಸೇರಿ ಕೆಲಸ ಮಾಡಿದವು. ಒಂದು ಮೊಳೆಯನ್ನು ಬಿಡಿಯಾಗಿ ಮಾರಿ, ಅದರ ಜತೆ ಹತ್ತು ನಿಮಿಷದ ಸಲಹೆಯನ್ನು ಪುಕ್ಕಟೆ ಕೊಡುವ ವ್ಯಾಪಾರ ಲಾಭದ ಲೆಕ್ಕಕ್ಕೆ ಸುಲಭವಾಗಿ ಸಿಗುವಂಥದ್ದಲ್ಲ. ಒಂದು ಗಂಟೆಯ ಚಿತ್ರವನ್ನು ಕೊನೆವರೆಗೂ ನೋಡಿದವನು ಆ ಅಂಗಡಿಯಲ್ಲಿ ಒಂದು ಗುಂಡಿಯನ್ನೂ ಕೊಂಡಿರುವುದಿಲ್ಲ.

ಹಾಗಿದ್ದೂ ಕೆಲವು ಅಂಗಡಿಗಳು ನೋಡಲು ಬಂದವನನ್ನೇ ಕೆಲಸಕ್ಕೆ ಹಚ್ಚುವ ದಾರಿ ಕಂಡುಕೊಂಡಿವೆ. ನಿಹೊನ್‌ಬಾಶಿಯಲ್ಲಿ 1653ರಿಂದ ಕಾಗದ ವ್ಯಾಪಾರ ನಡೆಸಿಕೊಂಡು ಬಂದಿರುವ ಓಜು ವಾಶಿಯಲ್ಲಿ, ಬಂದವರು ತೊಟ್ಟಿಯ ನೀರಿನಲ್ಲಿ ಜರಡಿ ಅದ್ದಿ ತಾವೇ ಒಂದು ಹಾಳೆ ಕಾಗದ ಎತ್ತಬಹುದು. ಪಿಗ್‌ಮೆಂಟ್ ಟೋಕಿಯೊದಲ್ಲಿ ಬಣ್ಣ ಅರೆಯುವ, ಅಂಟು ಕಲಸುವ ತರಗತಿಗಳಿವೆ. ಎರಡೂ ಕೈ ಒದ್ದೆಯಾಗಿರುವಾಗ ಕ್ಯಾಮೆರಾ ಹಿಡಿಯಲು ಜತೆಗೆ ಇನ್ನೊಬ್ಬರು ಬೇಕಾಗುತ್ತದೆ.

ಇಕೆಬುಕುರೊದಲ್ಲಿ ಹ್ಯಾಂಡ್ಸ್ ಇದ್ದ ಕಟ್ಟಡಕ್ಕೆ 2022ರ ನವೆಂಬರ್‌ನಲ್ಲಿ ನಿತೋರಿ ಎಂಬ ಪೀಠೋಪಕರಣ ಮಳಿಗೆ ಬಂತು. ಅಲ್ಲಿ ಕಪಾಟು, ಮೇಜು, ಕುರ್ಚಿ ಎಲ್ಲ ಸಿದ್ಧ. ಅದೇ ಕಟ್ಟಡದ ಒಳಗೆ ಹಲಗೆ ಆರಿಸುತ್ತಿದ್ದ, ಮೊಳೆ ಎಣಿಸುತ್ತಿದ್ದ ಕೈಗಳನ್ನು ಮುಚ್ಚುವ ಮುಂಚೆ ಯಾರೋ ತೆಗೆದಿಟ್ಟ ಚಿತ್ರಗಳಲ್ಲಿ ಹುಡುಕಿ ನೋಡಬೇಕು.